ಶೇಷಗಿರಿ ಮೇಷ್ಟ್ರ ನೋಟ್ಸಿನಲ್ಲಿದ್ದ ಹುಡುಗಿ

ಹೊಸದಾಗಿ ಇಂಗ್ಲಿಷ್ ಮೇಷ್ಟ್ರಾಗಿ ಸೇರಿದವರು ಯಾರಾದರೂ ಮನೆಗೆ ಬಂದು ‘ನಿಮ್ಮ ಅನುಭವದಿಂದ ನಮಗೇನಾದರೂ ಹೇಳಿ ಸಾರ್’ ಎಂದರೆ ನಾನು ಹೇಳುವುದು ಒಂದೇ ಮಾತು: ನೋಟ್ಸ್ ಬರೆಸುವ ಮೊದಲು ನೀವು ಒಂದು ಸಲ ಓದಿ. ಅವರು ಹಲ್ಲು ಕಿರಿಯುತ್ತಾರೆ. ಇಷ್ಟು ವರ್ಷ ಪಾಠ ಹೇಳಿದ ಮುದುಕ ಇಷ್ಟೇನಾ ಹೇಳೋದು ಎಂದುಕೊಂಡು ಕಾಫಿ ಕುಡಿದು ಎದ್ದು ಹೋಗುತ್ತಾರೆ. ಹೋಗಲಿ ಬಿಡಿ. ಓದದೆ ಬರೆಸಿ ನಾನು ಏನು ಮಾಡಿಕೊಂಡೆ ಎಂಬುದನ್ನು ಇಲ್ಲಿ ಬರೆದಿಡುತ್ತೇನೆ. ವ್ಯವಧಾನ ಇದ್ದವರು ಓದಿಕೊಳ್ಳಲಿ.

ನನ್ನ ನೌಕರಿಯ ಮೊದಲ ಊರು ಸಿರಾ. ಆಮೇಲೆ ಕೊರಟಗೆರೆ, ಪಾವಗಡ, ಮಧುಗಿರಿ. ಐವತ್ತರ ದಶಕದ ಮಾತು. ನಮ್ಮ ಇಂಗ್ಲಿಷ್ ಪಠ್ಯದಲ್ಲಿ ಅಮೆರಿಕದ ಇಬ್ಬರು ಹಳೆಯ ಕಥೆಗಾರರ ಮೇಲೆ ಒಂದು ಪಾಠವಿತ್ತು. ಪರೀಕ್ಷೆಯಲ್ಲಿ ಪ್ರತಿ ವರ್ಷ ಅದೇ ಪ್ರಶ್ನೆ: ಇಬ್ಬರನ್ನೂ ಹೋಲಿಸಿ ಬರೆಯಿರಿ. ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಹೆಸರು ಕೊಟ್ಟರೆ ಹುಡುಗರು ಹೆಸರನ್ನೇ ಬಾಯಿಪಾಠ ಮಾಡಿ ಕಥೆ ಮರೆತುಬಿಡುತ್ತಾರೆ ಎಂದು ತರಗತಿಯಲ್ಲಿಯೂ ನಾನು ಅವರನ್ನು ಕೋಣೆಯವನು, ಬೀದಿಯವನು ಎಂದೇ ಕರೆಯುತ್ತಿದ್ದೆ.

ಇಬ್ಬರೂ ಒಂದೇ ಕಾಲದವರು, ಒಂದೇ ರಮ್ಯ ಪಂಥದವರು. ಬುದ್ಧಿಗಿಂತ ಭಾವ ದೊಡ್ಡದು ಎಂದು ನಂಬಿದ್ದ ಆ ಪಂಥದ ಉಳಿದವರು ಹೊಳೆ, ಹೂವು, ಬೆಟ್ಟ ಎಂದು ಹಿಗ್ಗುತ್ತಿದ್ದಾಗ ಇವರಿಬ್ಬರು ಮಾತ್ರ ಮನುಷ್ಯನ ಒಳಗಿನ ಕತ್ತಲಿಗೆ ಮುಖ ಮಾಡಿ ಕೂತರು. ಕೋಣೆಯವನು ಬಾಗಿಲು ಹಾಕಿಬಿಡುತ್ತಾನೆ. ಒಳಗೆ ಒಬ್ಬನೇ ಒಬ್ಬ, ‘ನಾನು’ ಎಂದು ಕಥೆ ಹೇಳುವವನು. ತಪ್ಪು ಮಾಡಿರುತ್ತಾನೆ, ಯಾರೂ ಕೇಳದಿದ್ದರೂ ಕೊನೆಗೆ ತಾನೇ ಬಾಯಿ ಬಿಡುತ್ತಾನೆ. ಪ್ರತಿ ಪದವೂ ಓದುಗನ ಮೈ ಜುಂ ಎನ್ನಿಸುವುದಕ್ಕೆಂದೇ ಅಳೆದು ಇಟ್ಟದ್ದು. ಬೀದಿಯವನು ಹಾಗಲ್ಲ. ಅವನ ಕಥೆಯಲ್ಲಿ ಇಡೀ ಊರಿರುತ್ತದೆ, ದೇವರಿಗೆ ಹೆದರುವ ಊರು. ತಪ್ಪು ಮಾಡಿದವನು ಅದೇ ಬೀದಿಯಲ್ಲಿ ಮರ್ಯಾದೆಯಿಂದ ಓಡಾಡುತ್ತಾನೆ. ಊರಿಗೆ ಅರ್ಧ ಗೊತ್ತು, ಊರು ಬಾಯಿ ಬಿಡುವುದಿಲ್ಲ. ಕಥೆ ಹೇಳುವವನೂ ದೂರ ನಿಂತು ‘ಹೀಗಂತೆ, ಹಾಗೂ ಅಂತೆ’ ಎಂದು ನಮ್ಮ ಪಾಡಿಗೆ ನಮ್ಮನ್ನು ಬಿಟ್ಟುಹೋಗುತ್ತಾನೆ. ಯಾರು ಹೆಚ್ಚು ಹೆದರಿಸುತ್ತಾರೆ ಎಂದರೆ, ಹರೆಯದಲ್ಲಿ ನನಗೆ ಕೋಣೆಯವನೇ ಎನ್ನಿಸಿತ್ತು.

ಸಿರಾದಲ್ಲಿ ಈ ಪಾಠವನ್ನು ನಾನು ಕಥೆ ಹೇಳಿಯೇ ಮುಗಿಸಿದೆ. ನೋಟ್ಸ್ ಬರೆಸಲಿಲ್ಲ. ಹದಿನೈದು ದಿನಕ್ಕೆ ಒಬ್ಬ ಹುಡುಗನ ತಂದೆ, ಪೇಟೆಯಲ್ಲಿ ಬಳೆ ಅಂಗಡಿ ಇಟ್ಟಿದ್ದ ಸಾಹೇಬರು, ಸ್ಕೂಲಿಗೇ ಬಂದರು.

“ಮೇಷ್ಟ್ರೇ, ಕಥೆ ಬಹುತ್ ಅಚ್ಛಾ ಹೇಳ್ತೀರಂತೆ. ಹುಡುಗ ಮನೇಲಿ ಬಂದು ಹೇಳ್ದ. ನಮ್ಮ ಬೀಬಿ ಮೂರು ದಿನದಿಂದ ಹಿತ್ತಲ ಕಡೆ ಹೋಗಾಕೆ ಒಲ್ಲೆ ಅಂತಾವ್ಳೆ. ಅದೆಲ್ಲ ಸರಿ, ಹುಡುಗನ ನೋಟ್‌ಬುಕ್ ಯಾಕೆ ಖಾಲಿ ಐತೆ?”

ಅವರ ಹಿಂದೆಯೇ ಸ್ಕೂಲ್ ಇನ್‌ಸ್ಪೆಕ್ಟರು ಬಂದು ಅದೇ ಖಾಲಿ ನೋಟ್‌ಬುಕ್ಕುಗಳನ್ನು ಎತ್ತಿ ತೋರಿಸಿ, ಇಡೀ ಸ್ಟಾಫಿನ ಎದುರಿಗೆ ನನ್ನ ಗ್ರಹಚಾರ ಬಿಡಿಸಿದರು. ಅವತ್ತಿನಿಂದ ನಾನೂ ಎಲ್ಲರ ಹಾಗೆ ಬರೆಸುವ ಮೇಷ್ಟ್ರಾದೆ. ಕಾಮಾ, ಫುಲ್‌ಸ್ಟಾಪು ಎಂದು ಕೂಗಿ ಬರೆಸುವುದು, ಆಮೇಲೆ ತರಗತಿಯೆಲ್ಲ ಒಟ್ಟಿಗೆ ಹೇಳುವುದು, ಮನೆಯಲ್ಲಿ ಉರು ಹೊಡೆಯುವುದು. ಕೊರಟಗೆರೆಯ ಎರಡು ವರ್ಷದಲ್ಲಿ ಕೈಗೂ ಬಾಯಿಗೂ ಇದು ಎಷ್ಟು ರೂಢಿಯಾಯಿತೆಂದರೆ, ಬರೆಸುತ್ತಲೇ ಸಾಯಂಕಾಲದ ಸಾರಿಗೆ ಏನು ತರಕಾರಿ ಎಂದು ಯೋಚಿಸಬಲ್ಲವನಾಗಿದ್ದೆ.

ಪಾವಗಡಕ್ಕೆ ವರ್ಗವಾಗಿ ಹೋದಾಗ ಅಲ್ಲಿ ನನಗಿಂತ ಹಿಂದಿದ್ದ ಇಂಗ್ಲಿಷ್ ಮೇಷ್ಟ್ರು ತೀರಿಕೊಂಡು ಮೂರು ತಿಂಗಳಾಗಿತ್ತು. ಶೇಷಗಿರಿ ಮೇಷ್ಟ್ರು ಎಂದರೆ ಊರಿನಲ್ಲಿ ಎರಡು ಕೈ ಜೋಡಿಸುತ್ತಿದ್ದರು. ಹೆಡ್‌ಮಾಸ್ಟರು ಗಣಿತದವರು. ಮೊದಲ ದಿನವೇ ಬೀರು ತೆಗೆದು ಕಪ್ಪು ರಟ್ಟಿನ ದಪ್ಪ ಪುಸ್ತಕವೊಂದನ್ನು ನನ್ನ ಕೈಗಿಟ್ಟರು.

“ಶೇಷಗಿರಿಯವರ ನೋಟ್ಸ್. ಪರೀಕ್ಷೆಯಲ್ಲಿ ಇದನ್ನು ಬರೆದ ಹುಡುಗ ಯಾವನೂ ಇಂಗ್ಲಿಷಿನಲ್ಲಿ ನಪಾಸಾಗಿದ್ದಿಲ್ಲ. ಹೀಗೇ ಬರೆಸಿ. ಒಂದು ಸಾಲು ತೆಗೀಬೇಡಿ, ಒಂದು ಸಾಲು ಸೇರಿಸಬೇಡಿ.”

ಸೋಮಾರಿಗೆ ಇನ್ನೇನು ಬೇಕು? ನನಗೆ ಹಬ್ಬವಾಯಿತು.

ದಸರಾ ರಜೆ ಮುಗಿದ ವಾರ ಆ ಇಬ್ಬರು ಅಮೆರಿಕದವರ ಪಾಠ ಬಂತು. ಮಧ್ಯಾಹ್ನದ ಮೊದಲ ಪೀರಿಯಡ್. ಪಾವಗಡದ ಬಿಸಿಲು ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಬೆಟ್ಟದ ಬಂಡೆಯ ಕಾವೆಲ್ಲ ಊರ ಮೇಲೆ ಇಳಿದಿರುತ್ತದೆ, ಕಾಗೆಯೂ ಕೂಗುವುದಿಲ್ಲ. ನಾನು ಬರೆಸುತ್ತಾ ಹೋದೆ. ಹೋಲಿಕೆಯ ಕೊನೆಗೆ ಒಂದು ಉದಾಹರಣೆ ಇತ್ತು. ಇಂಗ್ಲಿಷಿನಲ್ಲಿದ್ದ ಅದನ್ನು ಕನ್ನಡದಲ್ಲಿ ಹೇಳುವುದಾದರೆ ಇಷ್ಟು: ‘ಬೆಟ್ಟದ ಮೇಲಿನ ಕೊಳದ ಹುಡುಗಿಯ ವಿಷಯವನ್ನೇ ನೋಡಿ. ಆಕೆ ಜಾರಿದಳು. ಕೈ ಹಿಡಿದಿದ್ದವನು ಕೈ ಬಿಟ್ಟ. ಆಮೇಲೆ ಅಲ್ಲಿ ಇಲ್ಲದವನೊಬ್ಬನ ಹೆಸರು ಹೇಳಿದ.’

ಬರೆಸಿ ತಲೆ ಎತ್ತಿದರೆ ಹುಡುಗರು ಯಾರೂ ನನ್ನನ್ನು ನೋಡುತ್ತಿರಲಿಲ್ಲ. ಎಲ್ಲರ ಮುಖ ಕಿಟಕಿಯ ಕಡೆಗೆ. ಕಿಟಕಿಯ ಆಚೆ ಹೊಂಗೆ ಮರದ ಕೆಳಗೆ ಒಬ್ಬ ಮುದುಕ, ತಲೆಗೆ ಟವೆಲು ಸುತ್ತಿಕೊಂಡು, ಕೈ ಕಟ್ಟಿಕೊಂಡು ನಿಂತಿದ್ದ. ರೆಪ್ಪೆ ಕೂಡ ಆಡಿಸುತ್ತಿರಲಿಲ್ಲ.

“ಏನಪ್ಪಾ, ಯಾರು ಬೇಕು?” ಎಂದೆ.

“ಯಾರೂ ಬ್ಯಾಡ ಸಾಮಿ. ಮಕ್ಳು ಇನ್ನೂ ಒಟ್ಗೆ ಹೇಳ್ಳಿಲ್ವಾ?” ಎಂದ.

ನಾನು ಹೇಳಿ ಎಂದು ಹುಡುಗರ ಕಡೆ ಕೈ ಆಡಿಸಿದೆ. ನಲವತ್ತು ಜನ ಒಂದೇ ದನಿಯಲ್ಲಿ ಆ ನಾಲ್ಕು ವಾಕ್ಯ ಹೇಳಿದರು. ಮುದುಕ ಕಣ್ಣು ಮುಚ್ಚಿ ಕೇಳಿದ. ಮುಗಿದ ಮೇಲೆ ತಲೆಬಾಗಿಸಿ ಗೇಟಿನ ಕಡೆ ನಡೆದ. ಗೇಟಿನ ಬಳಿ ಮೊರದಲ್ಲಿ ಹುರಿದ ಕಡಲೆಕಾಯಿ ಇಟ್ಟುಕೊಂಡು ಮಾರುವ ಗಂಗಮ್ಮ ಎಂಬ ಹೆಂಗಸು ಇದ್ದಳು. ಅವನು ದಾಟುತ್ತಿದ್ದಂತೆ ಅವಳು ನೆಲದಿಂದ ಒಂದು ಹಿಡಿ ಮಣ್ಣು ಬಾಚಿ ಅವನ ಬೆನ್ನಿಗೆ ತೂರಿದಳು.

“ಪೋರಾ! ನನ್ ಬಿಡ್ಡನ್ನ ತಿಂದೋನೇ!” ತೊಲಗು, ನನ್ನ ಮಗುವನ್ನು ತಿಂದವನೇ ಎಂದು, ಆ ಕಡೆಯ ತೆಲುಗು ಬೆರೆಸಿ.

ಅವನು ತಿರುಗಿ ನೋಡಲಿಲ್ಲ. ದಿನಾ ಬೀಳುವ ಮಣ್ಣೇ ಇರಬೇಕು ಎನ್ನುವ ಹಾಗೆ ನಡೆದ.

ಹುಡುಗರನ್ನು ಕೇಳಿದೆ. ಮುಂದಿನ ಬೆಂಚಿನವನೊಬ್ಬ ಹೇಳಿದ: “ಓಬಳಪ್ಪ ಅಂತ ಸಾರ್. ಮುಂಚೆ ನಮ್ಮ ಸ್ಕೂಲ್ನಾಗೇ ಜವಾನ ಆಗಿದ್ದ. ಶೇಷಗಿರಿ ಮೇಷ್ಟ್ರು ನಿಡುಗಲ್ ಬೆಟ್ಟಕ್ಕೆ ಹುಡುಗ್ರನ್ನ ಕರ್ಕೊಂಡೋಗಿದ್ದಾಗ ಗಂಗಮ್ಮನ ಮಗಳು ರತ್ನ ದೊಣೆಗೆ ಬಿದ್ದು ಸತ್ಲು. ಇವ್ನನ್ನ ಕಾವಲಿಗೆ ಬುಟ್ಟಿದ್ರಂತೆ, ನೋಡ್ಕಳ್ಳಿಲ್ವಂತೆ. ತೆಗ್ದಾಕ್ಬುಟ್ರು. ಊರಾಗೆ ಯಾರೂ ಅವ್ನ ಕೈಗೆ ಮಕ್ಳನ್ನ ಕೊಡಲ್ಲ ಸಾರ್. ಆದ್ರೆ ವರ್ಷಾ ವರ್ಷಾ ಈ ಪಾಠಕ್ಕೆ ಮಾತ್ರ ಬಂದು ನಿಂತ್ಕತಾನೆ.”

“ಯಾಕೆ?”

“ಗೊತ್ತಿಲ್ಲ ಸಾರ್.”

ಈಗ ನೀವು ನನ್ನ ದಡ್ಡತನ ನೋಡಿ. ಬೆಟ್ಟದ ಮೇಲಿನ ಕೊಳ, ಜಾರಿದ ಹುಡುಗಿ ಎಂದು ನಾನೇ ಬಾಯಾರೆ ಬರೆಸಿದ್ದೇನೆ. ಐದು ನಿಮಿಷದ ಮೇಲೆ ನಿಡುಗಲ್ಲಿನ ದೊಣೆ, ಸತ್ತ ಹುಡುಗಿ ಎಂದು ನನ್ನ ಕಿವಿಯಾರೆ ಕೇಳಿದ್ದೇನೆ. ಎರಡೂ ಒಂದಕ್ಕೊಂದು ತಾಗಲೇ ಇಲ್ಲ! ಇಂಗ್ಲಿಷಿನಲ್ಲಿ ಕೇಳಿದ್ದೆಲ್ಲ ಅಮೆರಿಕದಲ್ಲಿ ನಡೆದದ್ದು, ಕನ್ನಡದಲ್ಲಿ ಕೇಳಿದ್ದು ಪಾವಗಡದಲ್ಲಿ. ನಲವತ್ತು ಹುಡುಗರಿಗೂ ಹಾಗೆಯೇ, ಮೇಷ್ಟ್ರಿಗೂ ಹಾಗೆಯೇ.

ಬೆಳಗಿನ ಜಾವ ಹುಡುಗರು ಬೆಟ್ಟದ ಬುಡದ ಬಂಡೆಗಳ ಮೇಲೆ ಕೂತು ಉರು ಹೊಡೆಯುತ್ತಿದ್ದರು. ನಾನು ಅತ್ತ ತಿರುಗಾಡಲು ಹೋದಾಗ ಒಬ್ಬೊಬ್ಬನ ಮುಖವೂ ಕಾಣದಷ್ಟು ಮಸುಕಿರುತ್ತಿತ್ತು, ಬಂಡೆಯೇ ಹೇಳುತ್ತಿದೆ ಎನ್ನಿಸುವ ಹಾಗೆ ಆ ವಾಕ್ಯ ಮಾತ್ರ ಕೇಳುತ್ತಿತ್ತು. ಕೈ ಹಿಡಿದಿದ್ದವನು ಕೈ ಬಿಟ್ಟ. ಕೈ ಹಿಡಿದಿದ್ದವನು ಕೈ ಬಿಟ್ಟ. ನನಗೆ ಏಕೋ ಕೈಕಾಲು ತಣ್ಣಗಾಗುತ್ತಿತ್ತು. ಬೆಳಗಿನ ಚಳಿ ಇರಬೇಕು ಎಂದು ಶಾಲು ಎಳೆದುಕೊಳ್ಳುತ್ತಿದ್ದೆ.

ಆ ಬೇಸಿಗೆಯಲ್ಲಿ ಉತ್ತರ ಪತ್ರಿಕೆ ತಿದ್ದಲು ಬೇರೆ ಬೇರೆ ಊರಿನ ಮೇಷ್ಟ್ರುಗಳನ್ನು ಒಂದೆಡೆ ಕೂರಿಸಿದರು. ಪಕ್ಕದ ಮೇಜಿನಲ್ಲಿ ವಯಸ್ಸಾದ ಮೇಷ್ಟ್ರೊಬ್ಬರು, ಆ ಇಬ್ಬರು ಕಥೆಗಾರರ ಒಂದು ಸಾಲನ್ನೂ ಬಿಡದೆ ಓದಿಕೊಂಡಿದ್ದವರು. ಮೂರನೆಯ ದಿನ ಕನ್ನಡಕ ತೆಗೆದು ನನ್ನ ಕಡೆ ತಿರುಗಿದರು.

“ಏನ್ರೀ, ಈ ಕಟ್ಟಿನಲ್ಲಿ ಪತ್ರಿಕೆ ಪತ್ರಿಕೆಗೂ ಒಂದೇ ಮಾತು. ಯಾವ ಸೆಂಟರಿನದೋ ಏನೋ. ಇಬ್ಬರದೂ ನಾನು ಪೂರ್ತಿ ಓದಿದೀನಿ. ಬೆಟ್ಟದ ಮೇಲಿನ ಕೊಳದ ಹುಡುಗಿ ಯಾವ ಕಥೇಲೂ ಇಲ್ಲ. ನಿಮಗೆ ಗೊತ್ತಾ?”

ಅವರು ಆ ವಾಕ್ಯಗಳನ್ನು ಓದಿದರು. ಇನ್ನೊಂದು ಪತ್ರಿಕೆ ತೆಗೆದು ಅದನ್ನೇ ಓದಿದರು. ಇನ್ನೊಂದು. ಗುಂಡಾದ ಅಕ್ಷರ, ಕೋಳಿ ಕೆದರಿದ ಅಕ್ಷರ, ಹೆಣ್ಣುಮಕ್ಕಳ ಒತ್ತೊತ್ತು ಅಕ್ಷರ, ಮಾತು ಒಂದೇ. ಬೇರೆಯವರ ಬಾಯಿಂದ ಕೇಳಿದಾಗ ಮೊದಲ ಸಲ ಅದು ನನ್ನ ಕಿವಿಗೆ ಬಿತ್ತು. ನಿಡುಗಲ್ಲು ನೆನಪಾಯಿತು. ಹೊಂಗೆ ಮರ ನೆನಪಾಯಿತು.

“ನಾನು ಓದದೇ ಇರೋ ಕಥೆ ಇರಬೇಕು ಅಂತ ಎಲ್ಲರಿಗೂ ಅಂಕ ಹಾಕಿಬಿಟ್ಟೆ ಕಣ್ರೀ,” ಎಂದು ಅವರು ನಕ್ಕರು. ನನಗೆ ನಗು ಬರಲಿಲ್ಲ.

ಸ್ಕೂಲು ತೆರೆದ ದಿನವೇ ಆ ಕಪ್ಪು ರಟ್ಟಿನ ಪುಸ್ತಕ ತೆಗೆದು, ಮೇಷ್ಟ್ರಾದ ಮೇಲೆ ಮೊದಲ ಬಾರಿಗೆ, ಕೂತು ಓದಿದೆ. ಪಾಠವೆಲ್ಲ ನೀಲಿ ಶಾಯಿ. ಹುಡುಗಿಯ ಮಾತು ಶುರುವಾಗುವಲ್ಲಿ ಕಪ್ಪು ಶಾಯಿ. ‘ಕೈ ಬಿಟ್ಟ’ ಎಂಬ ವಾಕ್ಯ ನೇರಳೆ. ‘ಅಲ್ಲಿ ಇಲ್ಲದವನ ಹೆಸರು ಹೇಳಿದ’ ಎನ್ನುವುದು ಪುಟದ ಅಂಚಿನಲ್ಲಿ, ಪೆನ್ಸಿಲಿನಲ್ಲಿ.

ಅಣ್ಣನ ನೋಟ್‌ಬುಕ್ಕು ತಮ್ಮನಿಗೆ, ಪಕ್ಕದ ಮನೆಯದು ಈ ಮನೆಗೆ ಬರುವುದು ನಮ್ಮ ಕಡೆ ರೂಢಿ. ಹಳೆಯವು ಇದ್ದರೆ ತನ್ನಿ ಎಂದು ತರಗತಿಗೆ ಹೇಳಿದೆ. ಐದಾರು ಬಂದವು. ಅದರಲ್ಲಿ ಒಂದನ್ನು ತಂದವಳು ಆ ವರ್ಷ ತರಗತಿಗೆ ಬಂದಿದ್ದ ಸರೋಜ, ಓಬಳಪ್ಪನ ಮಗಳು. ಯಾರೋ ಓದಿ ಬಿಟ್ಟದ್ದನ್ನು ಬೇಡಿ ತಂದಿದ್ದಳು. ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ಬಿಡಿಸಿಟ್ಟು ಹೋಲಿಸಿದೆ. ಎಲ್ಲಕ್ಕಿಂತ ಹಳೆಯದರಲ್ಲಿ ಹುಡುಗಿಯೇ ಇಲ್ಲ. ಅದರ ಮುಂದಿನದರಲ್ಲಿ ಹುಡುಗಿ ಜಾರುತ್ತಾಳೆ, ಅಷ್ಟೇ. ಆಮೇಲಿನದರಲ್ಲಿ ಒಬ್ಬ ಕೈ ಬಿಡುತ್ತಾನೆ. ಶೇಷಗಿರಿ ಮೇಷ್ಟ್ರು ಸಾಯುವ ಹಿಂದಿನ ವರ್ಷದ್ದರಲ್ಲಿ ಮಾತ್ರ ಕೊನೆಯ ವಾಕ್ಯವಿತ್ತು. ಆ ಮನುಷ್ಯ ವರ್ಷಕ್ಕಿಷ್ಟು ಎಂದು, ನಲವತ್ತು ಮಕ್ಕಳ ಎದುರಿಗೆ ನಿಂತು, ಕಾಮಾ ಫುಲ್‌ಸ್ಟಾಪು ಸಮೇತ ತಮ್ಮ ತಪ್ಪನ್ನು ಹೇಳಿಕೊಂಡಿದ್ದರು. ಯಾರಿಗೂ ಅರ್ಥವಾಗದು ಎಂಬ ಧೈರ್ಯದಲ್ಲಿ. ಅವರ ಉಸಿರು ನಿಂತ ಮೇಲೆ ಅದನ್ನು ನಾನು ಮುಂದುವರಿಸಿದ್ದೆ, ಅವರದೇ ಬಾಯಿ ನನಗೆ ಹತ್ತಿದ ಹಾಗೆ.

ಪುಸ್ತಕ ತೆಗೆದುಕೊಂಡು ಹೆಡ್‌ಮಾಸ್ಟರ ಕೋಣೆಗೆ ಹೋದೆ. ಅವರು ಆ ಪುಟ ನೋಡಲೇ ಇಲ್ಲ.

“ನನಗೆ ಗೊತ್ತು,” ಎಂದರು. “ಗಣಿತದವನಾದರೇನು, ಇಷ್ಟು ಇಂಗ್ಲಿಷ್ ಬರುತ್ತೆ. ಶೇಷಗಿರಿಯವರು ಕೆಟ್ಟವರಲ್ಲ ಕಣ್ರೀ. ನನ್ನ ಹತ್ತಿರ ಹೇಳ್ಕೊಂಡಿದ್ರು. ಪಾಚಿ ಬಂಡೆ. ತಾವೂ ಜಾರ್ತಿದ್ರು. ಜೀವಭಯ. ಓಬಳಪ್ಪನನ್ನ ಅವರೇ ಕೆಳಗಡೆ ಬುತ್ತಿ ಕಾಯೋಕೆ ಕಳಿಸಿದ್ರು. ಆಮೇಲೆ ಊರಿನವರು ಬಂದು ಸುತ್ತುವರಿದಾಗ ಬಾಯಿಗೆ ಅವನ ಹೆಸರು ಬಂತು.”

“ಅವನು ಅಲ್ಲಿರಲಿಲ್ಲ ಅಂತ ಅವನು ಹೇಳಲಿಲ್ಲವೇ?”

“ವರ್ಷಗಟ್ಟಲೆ ಹೇಳಿದ. ಮೇಷ್ಟ್ರ ಮಾತಿನ ಮುಂದೆ ಜವಾನನ ಮಾತು ಯಾರು ಕೇಳ್ತಾರೆ? ಈಗ ಸತ್ತೋರ ಹೆಸರು ಯಾಕೆ ಕೆಡಿಸ್ತೀರಿ?”

“ಬದುಕಿರೋನ ಹೆಸರು ಸಾರ್?”

ಅವರು ಕನ್ನಡಕ ಒರೆಸಿದರು, ಮತ್ತೆ ಒರೆಸಿದರು. ಕೋಣೆಯವನಿಗಿಂತ ಬೀದಿಯವನೇ ಭಯಂಕರ ಎಂದು ನನಗೆ ತಿಳಿದದ್ದು ಆ ಹೊತ್ತಿನಲ್ಲಿ. ಬಾಗಿಲು ಹಾಕಿಕೊಂಡು ನರಳುವವನಿಗೆ ಒಂದು ದಿನ ಬಾಯಿ ಬಿಡುವ ದಾರಿಯಾದರೂ ಇದೆ. ಇಲ್ಲಿ ಹಗಲು ಹೊತ್ತು, ನಾಲ್ಕು ಜನ ಮರ್ಯಾದಸ್ಥರು, ಎಲ್ಲ ಗೊತ್ತು, ಎಲ್ಲರೂ ಕನ್ನಡಕ ಒರೆಸುತ್ತಿದ್ದೇವೆ.

ಓಬಳಪ್ಪನ ಮನೆಗೆ ಹೋದೆ. ಊರಾಚೆ, ಕುರಿ ಹಟ್ಟಿಯ ಪಕ್ಕ. ಅಂಗಳದಲ್ಲಿ ಹುರಿ ಹೊಸೆಯುತ್ತಿದ್ದ.

“ಅಲ್ಲಿ ಏನು ಹೇಳ್ತಾರೆ ಅಂತ ನಿನಗೆ ಗೊತ್ತೇನಪ್ಪಾ?”

“ನಂಗೆಲ್ಲಿ ಗೊತ್ತಾಯ್ತದೆ ಸಾಮಿ. ಮೇಷ್ಟ್ರು ಹೋಗೋ ಮುಂಚೆ ಒಂದ್ಸಲ ಕರ್ದು ಹೇಳಿದ್ರು. ಓಬಳಪ್ಪ, ನಿನ್ ಮಾತ ಮಕ್ಳ ಬಾಯಾಗೆ ಇಟ್ಟಿವ್ನಿ, ಬಂದು ಕೇಳ್ಕಂಡೋಗು ಅಂತ. ಕಣ್ಣಾಗೆ ನೀರಾಕ್ಕಂಡ್ರು. ಅಲ್ಲೀಗಂಟ ಈ ಪಾಠದಾಗೆ ಅವ್ರ ದನಿ ಒಡೀತದೆ ಅಂತ ಬರಿ ಅದ್ನ ಕೇಳಾಕೆ ಹೋಗ್ತಿದ್ದೆ, ಅವ್ರೇ ನಿಜ ಹೇಳ್ತಾರೇನೋ ಅಂತ. ಈಗ ಮಕ್ಳ ದನಿ ಕೇಳ್ತೀನಿ. ಏನಂತಾರೋ ತಿಳಿಯಾಕಿಲ್ಲ. ಅಷ್ಟೂ ಮಕ್ಳು ಒಟ್ಗೆ ಅಂದಾಗ ಎದೆ ಒಂಥರಾ ಆಯ್ತದೆ.”

ನನಗೆ ಸಿಟ್ಟು ಉಕ್ಕಿಬಂತು, ಯಾರ ಮೇಲೆ ಎಂದು ಹೇಳಲಾರೆ. ಸತ್ತವರ ಮೇಲೆ, ನನ್ನ ಮೇಲೆ, ಇಂಗ್ಲಿಷಿನ ಮೇಲೆ. “ಕನ್ನಡದಲ್ಲಿ ಹೇಳಿಸಲೇನಪ್ಪಾ?” ಎಂದೆ.

ಹೊಸೆಯುತ್ತಿದ್ದ ಕೈ ನಿಂತಿತು. ಹುರಿಯನ್ನು ಬದಿಗಿಟ್ಟು ಹೇಳಿದ: “ಹೇಳ್ಸಿ ಸಾಮಿ. ಆದ್ರೆ ನನ್ ಮಗಳ ಬಾಯಾಗೆ ಬ್ಯಾಡ. ಅವ್ಳೇ ಕಟ್ಕಂಡು ಹೇಳವ್ಳೆ ಅಂದ್ಬುಡ್ತಾರೆ. ಬ್ಯಾರೆಯೋರ ಬಾಯಾಗೆ ಬರ್ಲಿ.”

ಆಮೇಲೆ ನಾನು ಮಾಡಿದ್ದಕ್ಕೆ ನನಗೆ ಮೆಮೊ ಬಂತು, ಮಧುಗಿರಿಗೆ ವರ್ಗವಾಯಿತು. ಅದನ್ನು ಈಗಲೇ ಹೇಳಿ ಮುಗಿಸುತ್ತೇನೆ, ಕೊನೆಯಲ್ಲಿ ಹೇಳಿದರೆ ಗೋಳು ಹೇಳಿಕೊಂಡಂತಾಗುತ್ತದೆ. ಮಧುಗಿರಿಯಲ್ಲಿ ಸುಖವಾಗಿಯೇ ಇದ್ದೆ.

ದಸರಾ ಕಳೆದ ವಾರ, ಅದೇ ಮಧ್ಯಾಹ್ನದ ಪೀರಿಯಡ್. ಹೊಂಗೆ ಮರದ ಕೆಳಗೆ ಓಬಳಪ್ಪ ಬಂದು ನಿಂತ. ನಾನು ಪಾಠ ಬರೆಸಿದೆ. ಹೋಲಿಕೆಯ ಕೊನೆಯ ಉದಾಹರಣೆ ಬಂದಾಗ ಪೆನ್ನು ಕೆಳಗಿಡಿ ಎಂದು ಹೇಳಿ ಅದನ್ನು ಇಂಗ್ಲಿಷಿನಲ್ಲಿ ಓದಿದೆ. “ಇದನ್ನು ಬರೀಬೇಡಿ. ನಿಮ್ಮ ಮಾತಿನಲ್ಲಿ ಹೇಳಿ. ಬೆಟ್ಟದ ಮೇಲೆ ಬಂಡೆಯಲ್ಲಿ ನೀರು ನಿಂತ ಕೊಳಕ್ಕೆ ನಮ್ಮ ಕಡೆ ಏನಂತಾರೆ?”

“ದೊಣೆ ಸಾರ್!” ಎಂದು ನಾಲ್ಕಾರು ಜನ ಕೂಗಿದರು. ಕೂಗಿದವರೇ ಕಿಟಕಿಯ ಕಡೆ ತಿರುಗಿದರು. ಅಷ್ಟು ವರ್ಷ ಅಮೆರಿಕದಲ್ಲಿದ್ದ ನೀರು ಆ ಒಂದು ಪದಕ್ಕೆ ನಮ್ಮ ಬೆಟ್ಟಕ್ಕೆ ಬಂದುಬಿಟ್ಟಿತ್ತು. ಸರೋಜ ಡೆಸ್ಕಿನ ಅಂಚನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು.

ಮುಂದಿನ ಬೆಂಚಿನ ಹುಡುಗನೊಬ್ಬನನ್ನು ಎಬ್ಬಿಸಿದೆ. ಅವನು ಇಂಗ್ಲಿಷನ್ನು ಒಂದೊಂದೇ ಪದ ಬಿಡಿಸಿ, ಬೆವರುತ್ತಾ ಹೇಳಿದ: “ದೊಣೆ ತಾವ ಹುಡ್ಗಿ ಜಾರಿದ್ಲು. ಕೈ ಹಿಡ್ದಿದ್ದೋನು ಕೈ ಬುಟ್ಬುಟ್ಟ. ಆಮೇಲೆ... ಅಲ್ಲಿ ಇಲ್ದೇ ಇದ್ದೋನ ಹೆಸ್ರು ಹೇಳ್ದ.”

“ಎಲ್ಲರೂ ಒಟ್ಟಿಗೆ.”

ಹೇಳಿದರು. ಮೊದಲು ಪಿಸುಮಾತಿನಂತೆ, ಎರಡನೆಯ ಸಲ ಗಟ್ಟಿಯಾಗಿ. ಬಿಸಿಲಿನಲ್ಲಿ ಎಲೆ ಅಲುಗುತ್ತಿರಲಿಲ್ಲ. ಗೇಟಿನ ಕಡೆಯಿಂದ ಯಾವಾಗಲೂ ಕೇಳುತ್ತಿದ್ದ ಕಡಲೆಕಾಯಿ ಕೇರುವ ಸದ್ದು ನಿಂತಿತ್ತು. ಮೂರನೆಯ ಸಲ ಹೇಳುವ ಮೊದಲೇ ಹಿಂದಿನ ಬೆಂಚಿನಿಂದ ಯಾರೋ ಕೇಳಿದರು: “ಕೈ ಬುಟ್ಟೋನು ಯಾರು ಸಾರ್?”

ಹೆಡ್‌ಮಾಸ್ಟರ ಕೋಣೆಯ ಕಿಟಕಿ ಎದುರಿಗೇ ಕಾಣುತ್ತಿತ್ತು.

“ಈ ನೋಟ್ಸ್ ಬರೆದ ಶೇಷಗಿರಿ ಮೇಷ್ಟ್ರು,” ಎಂದೆ. “ಅವರೇ ತಮ್ಮ ಕೈಯಾರೆ ಬರೆದಿಟ್ಟಿದ್ದಾರೆ. ಅಲ್ಲಿ ಇಲ್ಲದವನು ಓಬಳಪ್ಪ.”

ಗಂಗಮ್ಮ ಯಾವಾಗ ಗೇಟು ಬಿಟ್ಟು ಬಂದಳೋ ನಾನು ನೋಡಲಿಲ್ಲ. ನೋಡಿದಾಗ ಹೊಂಗೆಯ ನೆರಳಿನ ಅಂಚಿನಲ್ಲಿ ನಿಂತಿದ್ದಳು, ಮೊರ ಸೊಂಟಕ್ಕೆ ಒತ್ತಿಕೊಂಡು, ಓಬಳಪ್ಪನಿಂದ ಎರಡು ಮಾರು ದೂರದಲ್ಲಿ. ಇನ್ನೊಂದು ಕೈ ಮುಷ್ಟಿಯಾಗಿತ್ತು. ಮಣ್ಣು ಎರಚುತ್ತಾಳೆ ಎಂದೇ ನಾನು ಕಿಟಕಿಯ ಬಳಿ ಓಡಿದೆ. ಓಬಳಪ್ಪನೂ ಹಾಗೆಯೇ ಎಣಿಸಿ ಬೆನ್ನು ತಿರುಗಿಸಿ ನಿಂತ.

“ಇತ್ತ ತಿರುಗು,” ಎಂದಳು.

ಅವನು ತಿರುಗಿದ.

“ನೀನು ಅಲ್ಲಿರ್ಲಿಲ್ವಾ?”

“ಇರ್ಲಿಲ್ಲ ಕಣಮ್ಮ. ಕೆಳಗಡೆ ಬುತ್ತಿ ಕಾಯ್ತಿದ್ದೆ.”

ಅವಳು ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಅಷ್ಟು ವರ್ಷದಲ್ಲಿ ಅವಳು ನೋಡಿದ್ದು ಬೆನ್ನನ್ನು ಮಾತ್ರ.

“ಇದ್ದಿದ್ರೆ?” ಎಂದಳು.

“ಇದ್ದಿದ್ರೆ ಬುಡ್ತಿರ್ಲಿಲ್ಲ ಕಣಮ್ಮ,” ಎಂದ ಓಬಳಪ್ಪ. “ನಾನೂ ಹೋಗ್ತಿದ್ನೇನೋ. ಕೈ ಮಾತ್ರ ಬುಡ್ತಿರ್ಲಿಲ್ಲ.”

ಗಂಗಮ್ಮನ ಮೊರ ಜಾರಿತು, ಕಡಲೆಕಾಯಿ ನೆಲದ ತುಂಬ ಚೆಲ್ಲಿತು. ಅವಳು ಅಲ್ಲೇ ಕುಸಿದು ಕೂತು, ಮಗಳು ಸತ್ತ ದಿನ ಅತ್ತಿದ್ದಳೋ ಇಲ್ಲವೋ ಕಾಣೆ, ಈಗ ಅತ್ತಳು. ಓಬಳಪ್ಪ ಅವಳಿಂದ ತುಸು ದೂರದಲ್ಲಿ ಕುಕ್ಕರಗಾಲಲ್ಲಿ ಕೂತು ಕಡಲೆಕಾಯಿಯನ್ನು ಒಂದೊಂದಾಗಿ ಮಣ್ಣು ಒರೆಸಿ ಮೊರಕ್ಕೆ ಹಾಕತೊಡಗಿದ. ಸರೋಜ ಯಾರ ಅಪ್ಪಣೆಯನ್ನೂ ಕೇಳದೆ ಎದ್ದು ಹೊರಗೆ ಹೋಗಿ ಅಪ್ಪನ ಪಕ್ಕ ಕೂತು ತಾನೂ ಆರಿಸಿದಳು.